ಬಿಳಿ ಬೋರ್ಡಿನ ಗಾಡಿ, ಆರ್‌ಸಿ ಒಳಗಿನ ಹೆಸರು



ಒಂದು ವಾರದಿಂದ ನಮ್ಮ ವಾಟ್ಸಾಪ್ ಗ್ರೂಪಿನಾಗ ಒಂದು ಕೆಂಪು ಕಾರಿನ ಸಲುವಾಗಿ ಜಗಳ ನಡೆದೈತಿ. ಗಜೇಂದ್ರಗಡ ತಾಲ್ಲೂಕಿನ ನಮ್ಮ ಹುಡುಗನೊಬ್ಬ ಪುಣೆ ಹತ್ತಿರದ ಚಾಕಣದಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಎಂಟು ವರ್ಷದಿಂದ ದುಡಿಯುತ್ತಿದ್ದಾನೆ. ಅವನು ಒಂದು ಸೆಕೆಂಡ್ಸ್ ಕಾರು ನೋಡಿದ್ದಾನೆ, ಫೋಕ್ಸ್‌ವ್ಯಾಗನ್ ಪೋಲೊ ಜಿಟಿ. ಫೋಟೋ ಹಾಕಿ, "ಅಣ್ಣಾರ, ಸ್ಪೋರ್ಟ್ಸ್ ಕಾರ್ ತಗೊಳಾಕತ್ತೀನ್ರಿ, ಹೆಂಗೈತಿ ಹೇಳ್ರಿ" ಅಂತ ಬರೆದ. ಕಾರು ಬಲ್ಲವರು ಇದನ್ನ ಸ್ಪೋರ್ಟ್ಸ್ ಕಾರ್ ಅಂತ ಒಪ್ಪಲಿಕ್ಕಿಲ್ಲ, ಸಣ್ಣ ಕಾರಿಗೆ ಜೋರು ಎಂಜಿನ್ ಕೂರಿಸಿದ್ದು ಅಂತಾರ. ಇರಲಿ. ನಮ್ಮ ಓಣಿಗೆ ಅದೇ ಸ್ಪೋರ್ಟ್ಸ್ ಕಾರು.

ಅವನು ಕೇಳಿದ್ದು ಗಾಡಿ ಹೆಂಗೈತಿ ಅಂತ. ಬಂದ ಉತ್ತರಗಳು ಬೇರೆ. "ಮನಿ ಮ್ಯಾಲ ಇನ್ನೂ ತಗಡು ಐತಿ, ಇವಗ ಸ್ಪೋರ್ಟ್ಸ್ ಕಾರ್ ಬೇಕಂತ." "ಏಪ್ರಿಲ್ 14ಕ್ಕ ನೂರು ರೂಪಾಯಿ ಪಟ್ಟಿ ಕೇಳಿದ್ರ ಫೋನ್ ಎತ್ತಂಗಿಲ್ಲ." "ಆ ರೊಕ್ಕದಾಗ ಓಣಿಗೊಂದು ಲೈಬ್ರರಿ ಆಗತಿತ್ತು." ಒಬ್ಬ ಹಿರಿಯರಂತೂ ಬಂಡವಾಳಶಾಹಿ, ಗ್ರಾಹಕ ಸಂಸ್ಕೃತಿ ಅಂತ ಮೂರು ನಿಮಿಷದ ವಾಯ್ಸ್ ಮೆಸೇಜ್ ಹಾಕಿದರು. ಪೂರ್ತಿ ಕೇಳಿದ್ದೇನೆ. ಪಟ್ಟಿ ಕೊಡದ ಮಾತು ಖರೇ, ಅದನ್ನ ಅವನಿಗೆ ಬೇರೆ ಹೇಳೋಣ. ಉಳಿದದ್ದನ್ನ ನಾನು ಒಪ್ಪಲಾರೆ.

ನರಗುಂದದ ಹೆದ್ದಾರಿ ಮೇಲೆ ಸಂಜಿ ಹೊತ್ತಿನಾಗ ನಿಂತು ನೋಡ್ರಿ. ದೊಡ್ಡ ಹೊಲ ಇದ್ದವರ ಮಕ್ಕಳು ಸೈಲೆನ್ಸರ್ ಬದಲಿಸಿ, ಟೈರ್ ಅಗಲ ಮಾಡಿಸಿ, ಜೀಪು ಕಾರು ಹಾರಿಸಿಕೊಂಡು ಹೋಗುತ್ತಾರೆ. ಅವರ ಮನೆಯಲ್ಲಿ ಲೈಬ್ರರಿ ಐತೇನು ಅಂತ ಯಾರೂ ಕೇಳಿಲ್ಲ. ಬೆಳೆವಿಮೆ ರೊಕ್ಕದಾಗ ತಗೊಂಡಿರೋ, ಟೆಂಡರ್ ರೊಕ್ಕದಾಗ ತಗೊಂಡಿರೋ ಅಂತ ಯಾರೂ ಲೆಕ್ಕ ಕೇಳಿಲ್ಲ. ನಮ್ಮ ಹುಡುಗ ಒಂದು ಕೆಂಪು ಕಾರಿನ ಫೋಟೋ ಹಾಕಿದ ಕೂಡಲೇ ಊರಿನವರಿಗಿಂತ ಮೊದಲು ನಾವೇ ಲೆಕ್ಕ ಕೇಳಾಕ ಕುಂತೀವಿ. ಆ ಪೋಲೊ ತಯಾರಾಗುತ್ತಿದ್ದದ್ದೂ ಅದೇ ಚಾಕಣದಲ್ಲಿ, 2009ರ ಕೊನೆಯಿಂದ 2022ರವರೆಗೆ. ಮಂದಿ ಕಾರಿಗೆ ಎಂಟು ವರ್ಷ ಭಾಗ ಮಾಡಿಕೊಟ್ಟವನು ಒಂದು ಹಳೇ ಕಾರು ತನಗೂ ಇರಲಿ ಅಂದರೆ ಅದರಾಗ ತಪ್ಪೇನೈತಿ? ಕಾರು ಬುದ್ಧಿವಂತಿಕೆಯ ಖರ್ಚಲ್ಲ, ಹೌದು. ಹುಚ್ಚು ಖರ್ಚು ಮಾಡುವ ಸ್ವಾತಂತ್ರ್ಯ ಗೌಡರ ಮಕ್ಕಳಿಗೆ ಮಾತ್ರ ಯಾಕಿರಬೇಕು ಅನ್ನೋದು ನನ್ನ ಪ್ರಶ್ನೆ.

ಗಾಡಿಗೂ ನಮಗೂ ಇರುವ ಸಂಬಂಧ ಇವತ್ತಿನದಲ್ಲ. ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಿದವರಿಗೆ ಗೊತ್ತು, ಅದರ ಮೊದಲ ಅನುಭವವೇ ಒಂದು ಚಕ್ಕಡಿಯದು. 1901ರಲ್ಲಿ ಅಪ್ಪನನ್ನು ನೋಡಲು ಸಾತಾರಾದಿಂದ ಹೊರಟ ಮಕ್ಕಳು ಮಸೂರ್ ಸ್ಟೇಶನ್ನಿನಲ್ಲಿ ಇಳಿದಾಗ, ಜಾತಿ ಗೊತ್ತಾದ ಮೇಲೆ ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಒಪ್ಪಂದವಾದದ್ದು ಹಿಂಗ: ಬಾಡಿಗೆ ದುಪ್ಪಟ್ಟು ಕೊಡಬೇಕು, ಎತ್ತು ಮಕ್ಕಳೇ ಹೊಡೆಯಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ. ಮುಂದೆ 1929ರಲ್ಲಿ ಅವರು ಬ್ಯಾರಿಸ್ಟರ್ ಆಗಿ, ಮುಂಬೈ ಸರ್ಕಾರದ ಸಮಿತಿಯ ಸದಸ್ಯರಾಗಿ ಚಾಳೀಸಗಾಂವಕ್ಕೆ ಹೋದಾಗಲೂ ಟಾಂಗಾದವನು ಹೊಡೆಯಲು ಒಪ್ಪಲಿಲ್ಲ. ಟಾಂಗಾ ಕೊಟ್ಟ, ಹೊಡೆಯೋದು ನೀವೇ ಹೊಡ್ಕೊಳ್ರಿ ಅಂದ. ಕೇರಿಯವನೊಬ್ಬ ಹೊಡೆದ, ಅವನಿಗೆ ರೂಢಿ ಇರಲಿಲ್ಲ. ಸೇತುವೆ ಮೇಲೆ ಟಾಂಗಾ ಉರುಳಿ ಬಾಬಾಸಾಹೇಬರ ಕಾಲು ಮುರಿಯಿತು. ಬ್ಯಾರಿಸ್ಟರನಿಗಿಂತ ಟಾಂಗಾದವನ ಜಾತಿ ಮೇಲು. ರೊಕ್ಕ ಕೊಟ್ಟರೂ ಹೊಡೆಯುವವ ಸಿಗಲಿಲ್ಲ.

ಅದು ನೂರು ವರ್ಷದ ಹಿಂದಿನ ಮಾತು ಅನ್ನಬ್ಯಾಡ್ರಿ. 2025ರ ಫೆಬ್ರವರಿಯಲ್ಲಿ ತಮಿಳುನಾಡಿನ ಶಿವಗಂಗೆ ಜಿಲ್ಲೆಯಲ್ಲಿ ಒಬ್ಬ ದಲಿತ ಕಾಲೇಜು ಹುಡುಗನ ಕೈಗಳಿಗೆ ಕತ್ತಿ ಹಾಕಿದರು. ದೂರಿನ ಪ್ರಕಾರ ಅವನ ತಪ್ಪು, ಬುಲೆಟ್ ಓಡಿಸಿದ್ದು. ಬೈಕು ಹಿಡಿಯುವ ಕೈಯನ್ನೇ ಹುಡುಕಿ ಹೊಡೆದರು.

ಕಾನೂನು ಏನು ಹೇಳತೈತಿ? ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾಯಿತು, 2016ರ ಜನವರಿ 26ರಿಂದ ಜಾರಿಗೆ ಬಂತು. ಅದರಲ್ಲಿ ಸೇರಿದ ಕಲಂ 3(1)(ಝಡ್‌ಎ) ಪ್ರಕಾರ, ದಲಿತರು ಸೈಕಲ್ಲು, ಮೋಟಾರ್ ಸೈಕಲ್ಲು ಹತ್ತೋದನ್ನ, ಸಾರ್ವಜನಿಕ ಜಾಗದಲ್ಲಿ ಚಪ್ಪಲಿ, ಹೊಸ ಬಟ್ಟೆ ಹಾಕೋದನ್ನ, ಮದುವೆ ಮೆರವಣಿಗೆಯಲ್ಲಿ ಕುದುರೆ ಅಥವಾ ಬೇರೆ ವಾಹನ ಏರೋದನ್ನ ತಡೆದರೆ ಅಪರಾಧ. ಸರಿಯಾಗಿ ಓದ್ರಿ. ಸೈಕಲ್ಲು ಐತಿ, ಬೈಕು ಐತಿ. ಬೇರೆ ವಾಹನದ ಮಾತು ಬರೋದು ಮದುವೆ ಮೆರವಣಿಗೆಗೆ ಮಾತ್ರ. ಮದುವೆ ಇಲ್ಲದ ಸಾದಾ ದಿನ, ಒಬ್ಬ ದಲಿತ ತನ್ನ ಸ್ವಂತ ಕಾರಿನಲ್ಲಿ ಸುಮ್ಮನೆ ಖುಷಿಗೆ ಊರು ಸುತ್ತಬಹುದು ಅನ್ನೋದು ಆ ಕಲಂ ಬರೆದವರ ತಲೆಗೂ ಹೊಳೆದಂಗಿಲ್ಲ. (ಕಾರು ತಡೆದರೆ ಕೇಸೇ ಇಲ್ಲ ಅಂತಲ್ಲ, ಬೇರೆ ಕಲಂಗಳು ಅದಾವು. ನಾನು ಹೇಳೋದು ಕಲ್ಪನೆಯ ಮಾತು.)

ಸರ್ಕಾರದ ಯೋಜನೆಗಳಲ್ಲೂ ಅದೇ ಕಲ್ಪನೆ. 2018ರಲ್ಲಿ ಐರಾವತ ಅಂತ ಬಂತು, ಓಲಾ ಊಬರ್ ಟ್ಯಾಕ್ಸಿ ತಗೊಳ್ಳುವ ಎಸ್‌ಸಿ, ಎಸ್‌ಟಿ ಹುಡುಗರಿಗೆ 5 ಲಕ್ಷದವರೆಗೆ ಸಹಾಯಧನ. ಆಮೇಲೆ ಸ್ವಾವಲಂಬಿ ಸಾರಥಿ, ಶೇ 75ರಷ್ಟು, ಗರಿಷ್ಠ 4 ಲಕ್ಷ. ಒಳ್ಳೆಯದೇ, ಎಷ್ಟೋ ಮನೆಗಳು ಅದರಿಂದ ಉಂಡಾವು. ಆದರೆ ಕೊಡೋದೆಲ್ಲ ಹಳದಿ ಬೋರ್ಡು. ನಾವು ಸ್ಟೇರಿಂಗ್ ಹಿಡಿಯಬೇಕು, ಹಿಂದಿನ ಸೀಟಿನಾಗ ಮತ್ತೊಬ್ಬರು ಕೂರಬೇಕು. ಬಿಳಿ ಬೋರ್ಡಿನ ಗಾಡಿಗೆ, ಅಂದರೆ ನಾನು, ನನ್ನ ಹೆಂಡತಿ, ನಮ್ಮವ್ವ ಕುಂತು ಬದಾಮಿ ಬನಶಂಕರಿ ಜಾತ್ರಿಗೆ ಹೋಗುವ ಗಾಡಿಗೆ, ಯಾವ ನಿಗಮವೂ ರೊಕ್ಕ ಕೊಡಂಗಿಲ್ಲ. ಕೊಡಬೇಕು ಅಂತಲೂ ನಾನು ಕೇಳಾಕತ್ತಿಲ್ಲ. ಅದನ್ನ ನಮ್ಮ ದುಡಿಮೆಯಲ್ಲೇ ತಗೊಳ್ಳೋಣ, ಹೊಸದಾಗದಿದ್ದರೆ ಹಳೇದು. ತಗೊಂಡವನನ್ನ ಗ್ರೂಪಿನಾಗ ಕಟಕಟೆಗೆ ನಿಲ್ಲಿಸೋದು ಮಾತ್ರ ಬ್ಯಾಡ.

ಇಷ್ಟು ಅವನ ಪರ. ಇನ್ನು ಅವನಿಗೆ ಹೇಳುವ ಮಾತು.

ಅವನು ಖಾಸಗಿಯಾಗಿ ನನಗೆ ಕಳಿಸಿದ ಎರಡನೇ ಮೆಸೇಜು ಇದು: "ಅಣ್ಣಾರ, ಓನರ್ ಪರಿಚಯದವ ಅದಾನ್ರಿ. ಬಾಂಡ್ ಮ್ಯಾಲ ಬರಕೊಡತಾನಂತ. ಹೆಸರು ಮುಂದ ನಿಧಾನಕ್ಕ ಮಾಡಸೂಣಂತ." ಕಾರಿನ ಬಣ್ಣ ನೋಡಿ ನನಗೇನೂ ಅನಿಸಿರಲಿಲ್ಲ. ಇದನ್ನ ಓದಿ ಎದಿ ಧಸಕ್ ಅಂತು.

ನಮ್ಮ ರೋಣ, ನರಗುಂದ, ಗಜೇಂದ್ರಗಡ ಕಡೆ ಸೆಕೆಂಡ್ಸ್ ಗಾಡಿ ವ್ಯಾಪಾರ ಬಹುಪಾಲು ಹಿಂಗೇ ನಡೆಯೋದು. ನೂರು ರೂಪಾಯಿ ಬಾಂಡು, ಇಬ್ಬರ ಸಹಿ, ಇಬ್ಬರು ಸಾಕ್ಷಿ, ಒಂದು ಕೀಲಿ, ಆರ್‌ಸಿ ಜೆರಾಕ್ಸು. ಚಹಾ ಕುಡಿದು ಎದ್ದು ಬಂದರೆ ಗಾಡಿ ನಮ್ಮದಾಯ್ತು ಅಂತ ತಿಳಕೊಳ್ಳುತ್ತೇವೆ. ಆಗಿರಂಗಿಲ್ಲ. ಬಾಂಡು ರೊಕ್ಕ ಕೊಟ್ಟದ್ದಕ್ಕೆ ಒಂದು ಪುರಾವೆ, ಅಷ್ಟೇ. ದಾಖಲೆಯಲ್ಲಿ ಮಾಲೀಕ ಯಾರು ಅನ್ನೋದನ್ನ ಗದಗಿನ ಆರ್‌ಟಿಓ ಕಂಪ್ಯೂಟರ್ ಹೇಳತೈತಿ, ಬಾಂಡ್ ಬರೆದ ರೈಟರ್ ಅಲ್ಲ.

ಭೂಮಿಯ ವಿಷಯದಾಗ ನಾವು ಈ ಆಟ ನೋಡೀವಿ. ಸರ್ಕಾರ ಕೊಟ್ಟ ಜಮೀನನ್ನ ನಮ್ಮ ಅಜ್ಜಂದಿರಿಂದ ಎರಡು ಚೀಲ ಜೋಳಕ್ಕೆ, ಒಂದು ಹೆಬ್ಬೆಟ್ಟಿಗೆ ಬರೆಸಿಕೊಂಡರು. 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು, ತಡವಾಗಿ ಬಂದೀರಿ ಅಂತ ಕೋರ್ಟುಗಳು ಅರ್ಜಿ ತಳ್ಳಿದವು, 2023ರಲ್ಲಿ ತಿದ್ದುಪಡಿಗಾಗಿ ಮತ್ತೆ ಬೀದಿಗೆ ಇಳಿಯಬೇಕಾಯಿತು. ಉತಾರದಾಗ ಒಂದು ಹೆಸರು, ಉಳುಮೆಯಾಗ ಒಂದು ಹೆಸರು. ಆ ಕಾಗದದ ಜಗಳದಾಗ ನಮ್ಮ ಎರಡು ತಲೆಮಾರು ಸವೆದಾವು. ಅಷ್ಟೆಲ್ಲ ನೋಡಿಯೂ ಲಕ್ಷಗಟ್ಟಲೆ ಕೊಟ್ಟ ಗಾಡಿಗೆ ನಾವು ಕಾಗದ ಕೇಳಂಗಿಲ್ಲ ಅಂದರೆ ಏನನ್ನೋಣ?

ರೋಣ ತಾಲ್ಲೂಕಿನ ಒಬ್ಬ ಗೌಂಡಿ ಕೆಲಸದವನ ಕಥೆ ಹೇಳತೀನಿ, ಹೆಸರು ಬ್ಯಾಡ. ಊರಿನ ದೊಡ್ಡ ಮನೆಯವರ ಕಡೆಯಿಂದ ಒಂದು ಹಳೇ ಕಾರು ಬಾಂಡ್ ಮೇಲೆ ತಗೊಂಡ. ರೊಕ್ಕ ಪೂರಾ ಕೊಟ್ಟ. ಎರಡು ವರ್ಷ ಆರಾಮ ಓಡಿಸಿದ. ಪಂಚಾಯ್ತಿ ಇಲೆಕ್ಷನ್ ಬಂತು, ಇವನ ತಮ್ಮ ದೊಡ್ಡ ಮನೆಯವರ ಮಾತು ಮೀರಿ ನಾಮಪತ್ರ ಹಾಕಿದ. ಎಂಟೇ ದಿನದಾಗ ಸ್ಟೇಶನ್ನಿನಿಂದ ಫೋನು: "ಗಾಡಿ ನಿಂದೇನು? ಓನರ್ ಕಂಪ್ಲೇಂಟ್ ಕೊಟ್ಟಾರ, ಬಾಡಿಗಿಗೆ ಒಯ್ದವ ವಾಪಸ್ ಕೊಟ್ಟಿಲ್ಲ ಅಂತ." ಬಾಂಡು ತೋರಿಸಿದ. ಸಾಕ್ಷಿ ಹಾಕಿದ ಇಬ್ಬರೂ ದೊಡ್ಡ ಮನೆಯ ಆಳುಗಳು, ಉಲ್ಟಾ ಹೊಡೆದರು. ಕಾರು ಸ್ಟೇಶನ್ ಮುಂದೆ ಬೇವಿನ ಗಿಡದ ಕೆಳಗೆ ನಿಂತು, ಟೈರ್ ಇಳಿದು, ಸೀಟಿನಾಗ ಇಲಿ ಮರಿ ಹಾಕಿದವು. ನಾಲ್ಕೈದು ಮಂದಿ ಹೋಗಿ ಕುಂತು, ವಕೀಲರನ್ನ ಹಿಡಿದು, ಬ್ಯಾಂಕ್ ಎಂಟ್ರಿ ತೋರಿಸಿ ಬಿಡಿಸಿದೆವು. ನೆಟ್ಟಗೆ ಹೆಸರು ಮಾಡಿಸಿದ್ದರೆ ಆ ಫೋನೇ ಬರತಿರಲಿಲ್ಲ.

ಹಂಗಾದ್ರ ಕೆಲಸ ಎಷ್ಟು? ಮೋಟಾರು ವಾಹನ ಕಾಯ್ದೆಯ ಕಲಂ 50 ಪ್ರಕಾರ, ರಾಜ್ಯದ ಒಳಗಿನ ಮಾರಾಟವಾದರೆ ಮಾರಿದವನು 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು, ಕೊಂಡವನು 30 ದಿನದೊಳಗೆ ಅರ್ಜಿ ಹಾಕಬೇಕು. ಮಾರುವವನದು ಫಾರ್ಮ್ 29, ಇಬ್ಬರದೂ ಸೇರಿ ಫಾರ್ಮ್ 30. ಸಾದಾ ಕಾರಿಗೆ ವರ್ಗಾವಣೆ ಫೀ 300 ರೂಪಾಯಿ, ಬೈಕಿಗೆ 150, ಅದರ ಮೇಲೆ ಕಾರ್ಡು, ಸೇವಾ ಶುಲ್ಕ ಅಂತ ಚಿಲ್ಲರೆ. ಏಜಂಟ ಕೇಳುವ ಸಾವಿರಗಳು ಆ ಫೀ ಅಲ್ಲ, ಅವು ನಮ್ಮ ಅಂಜಿಕೆಯ ಬೆಲೆ. ಸರ್ಕಾರಿ ಕಚೇರಿಯ ಕೌಂಟರಿನ ಒಳಗಡೆ ಕುಂತು ಕೆಲಸ ಮಾಡುವವ ನಾನು. ನಮ್ಮ ಮಂದಿ ಕೌಂಟರಿಗೆ ಬರುವಾಗ ಅರ್ಧ ಬಗ್ಗಿಯೇ ಬರತಾರ, ಅದಕ್ಕೇ ಹೇಳುತ್ತಿದ್ದೇನೆ. ನೆಟ್ಟಗ ನಿಂತು ಫಾರ್ಮ್ ಕೇಳ್ರಿ.

ಇದು ಕೊಂಡವನ ಕಥೆ ಆಯ್ತು. ಮಾರಿದವನ ಕಥೆ ಇನ್ನೂ ಭಯಂಕರ, ಮತ್ತು ಇದು ನಮ್ಮವರಿಗೆ ಹೆಚ್ಚು ಹತ್ತುತ್ತದೆ. 2018ರ ಫೆಬ್ರವರಿ 6ರಂದು ಸುಪ್ರೀಂ ಕೋರ್ಟು ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಕೇಸಿನಲ್ಲಿ ತೀರ್ಪು ಕೊಟ್ಟಿತು. ಒಂದು ಗಾಡಿ ಕೈಯಿಂದ ಕೈಗೆ ಮಾರಾಟವಾಗುತ್ತ ಹೋಗಿತ್ತು, ಆರ್‌ಸಿ ಮಾತ್ರ ಮೊದಲಿನವನ ಹೆಸರಲ್ಲೇ ಇತ್ತು. 2009ರಲ್ಲಿ ಅದು ಅಪಘಾತ ಮಾಡಿ ಒಂದು ಮಗು ಸತ್ತಿತು. ಪರಿಹಾರ ಯಾರು ಕೊಡಬೇಕು? ಆರ್‌ಸಿ ಒಳಗೆ ಯಾರ ಹೆಸರಿದೆಯೋ ಅವನು. ನಾನು ಎಂದೋ ಮಾರಿಬಿಟ್ಟೀನಿ ಅನ್ನೋದು ನಡೆಯಲಿಲ್ಲ.

ಈಗ ನಮ್ಮ ಓಣಿಗಳಿಗೆ ಬರ್ರಿ. ಸಹಾಯಧನದ ಗಾಡಿ ದಲಿತನ ಹೆಸರಲ್ಲಿ ಬರತೈತಿ. ಮುಂಗಡ ರೊಕ್ಕ ಹಾಕಿದವ ಕಂಟ್ರಾಕ್ಟರ್. ಗಾಡಿ ಅವನ ಶೆಡ್ಡಿನಾಗ. ನಮ್ಮವನಿಗೆ ಹೆಸರಿನ ಬಾಡಿಗೆ ಅಂತ ವರ್ಷಕ್ಕೊಮ್ಮೆ ಹತ್ತೋ ಹದಿನೈದೋ ಸಾವಿರ. ಇಂಥವು ಎಷ್ಟು ಅದಾವು ಅಂತ ನನ್ನನ್ನ ಕೇಳಬ್ಯಾಡ್ರಿ, ನಿಮ್ಮ ಊರಿನವು ನಿಮಗೇ ಗೊತ್ತದಾವು. ಆ ಗಾಡಿ ಇನ್ಶೂರೆನ್ಸ್ ಇಲ್ಲದಾಗ ಯಾರಿಗಾದರೂ ಹೊಡೆದರೆ, ಲಕ್ಷಗಟ್ಟಲೆ ಪರಿಹಾರದ ನೋಟಿಸು ಬರೋದು ತಗಡಿನ ಮನೆಗೆ, ಶೆಡ್ಡಿಗಲ್ಲ. ಹೆಸರು ಕೊಡೋದು ಉಪಕಾರ ಅಂತ ನಮ್ಮ ಹಿರಿಯರು ತಿಳಿದಾರ. ಹೆಸರನ್ನ ಕೊಡೋದು ಅಂದರೆ ಸಾಲ, ಜೈಲು, ಹೆಣ ಎಲ್ಲದರ ಜವಾಬ್ದಾರಿ ಕೊಟ್ಟಂಗ. ಲಾಭ ಮಾತ್ರ ಅವರದು.

ಅದಕ್ಕೇ ನನ್ನ ಒಂದೇ ಶರತ್ತು. ಕೆಂಪು ಕಾರ್ ತಗೊ, ಹಳದಿ ಕಾರ್ ತಗೊ, ಚಾವಣಿ ಬಿಚ್ಚೋ ಕಾರ್ ತಗೊ. ಆರ್‌ಸಿ ಒಳಗ ನಿನ್ನ ಹೆಸರು ಬರೋತನಕ ಅದು ನಿನ್ನ ಕಾರಲ್ಲ.

ಇನ್ನು ಖಾಸಗಿ ಮಾಲೀಕನ ಕಡೆ ತಗೋಬೇಕೋ ಡೀಲರ್ ಕಡೆ ತಗೋಬೇಕೋ? ಎರಡು ಕಡೆಯೂ ನಮ್ಮವರಿಗೆ ಬೇರೆ ಬೇರೆ ತೊಂದರೆ.

ಖಾಸಗಿಯವನು ಅಗ್ಗ ಕೊಡುತ್ತಾನೆ, ನಡುವೆ ಕಮಿಷನ್ ಇಲ್ಲ. ಮನೆ ನೋಡಬಹುದು, ಗಾಡಿ ಹೆಂಗೆ ಇಟ್ಟಾನ ಅಂತ ಗೊತ್ತಾಗತೈತಿ, ಸರ್ವಿಸ್ ಪುಸ್ತಕ ಕೇಳಬಹುದು. ಆದರೆ ಮನೆ ನೋಡೋದು ಎಲ್ಲರಿಗೂ ಒಂದೇ ಅಲ್ಲ. ಅಡ್ಡಹೆಸರು ಕೇಳಿದ ಮೇಲೆ "ಮನಿಗೆ ಬರೂದು ಬ್ಯಾಡ, ಬಸ್‌ಸ್ಟ್ಯಾಂಡಿಗೆ ತರತೀನಿ" ಅಂದವರನ್ನ ನಾನು ಕಂಡೀನಿ. ಓಡಿಸಿ ನೋಡಾಕ ಕೊಡಂಗಿಲ್ಲ, "ನಾನೇ ಓಡಿಸಿ ತೋರಸ್ತೀನಿ, ಪಕ್ಕದಾಗ ಕೂಡು" ಅಂತಾನ. ಇಂಥವರ ಕಡೆ ಎಷ್ಟೇ ಅಗ್ಗ ಇದ್ದರೂ ಬಿಟ್ಟು ಬರ್ರಿ. ಸ್ಟೇರಿಂಗ್ ಮುಟ್ಟಾಕ ಕೊಡದವನು ನಾಳೆ ಫಾರ್ಮ್ 30ಕ್ಕೆ ಸಹಿ ಹಾಕುತ್ತಾನೆ ಅಂತ ನಂಬಬ್ಯಾಡ್ರಿ. ಇನ್ನೊಂದು, ಗ್ರಾಹಕರ ಆಯೋಗಕ್ಕೆ ಹೋಗೋದು ವ್ಯಾಪಾರಿಯ ವಿರುದ್ಧ. ಒಮ್ಮೆ ತನ್ನ ಸ್ವಂತ ಕಾರು ಮಾರಿದ ಮನುಷ್ಯ ವ್ಯಾಪಾರಿ ಅಲ್ಲ. ಅವನು ಮೋಸ ಮಾಡಿದರೆ ಸಿವಿಲ್ ಕೋರ್ಟು ಇಲ್ಲಾ ಪೊಲೀಸ್ ಸ್ಟೇಶನ್ನು, ಅಲ್ಲಿ ಯಾರ ಮಾತು ನಡೆಯತೈತಿ ಅಂತ ನಾನು ಹೇಳಬೇಕಾಗಿಲ್ಲ.

ಡೀಲರ್ ಹೆಚ್ಚು ತಗೋತಾನ. ಅವನ ಲಾಭದ ಮೇಲೆ ಶೇ 18 ಜಿಎಸ್‌ಟಿಯೂ ಐತಿ (2025ರ ಜನವರಿಯಿಂದ ಎಲ್ಲ ಹಳೇ ಕಾರಿಗೂ ಒಂದೇ ದರ; ಲಾಭದ ಮೇಲೆ, ಪೂರಾ ಬೆಲೆ ಮೇಲಲ್ಲ, ಬಿಲ್ಲಿನಾಗ ಆಟ ಆಡಿದರೆ ಕೇಳ್ರಿ). ಆದರೆ ಅವನು ವ್ಯಾಪಾರಿ. ಬಿಲ್ಲು ಇದ್ದರೆ ಗದಗಿನ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಅವನನ್ನ ನಿಲ್ಲಿಸಬಹುದು. ಮೇಲಾಗಿ 2023ರ ಏಪ್ರಿಲ್ 1ರಿಂದ ಕೇಂದ್ರದ ಹೊಸ ನಿಯಮ ಬಂದೈತಿ. ಹಳೇ ವಾಹನ ಮಾರುವ ಡೀಲರ್ ಆರ್‌ಟಿಓ ಕಡೆಯಿಂದ ಅಧಿಕಾರ ಪತ್ರ ತಗೋಬೇಕು, ಗಾಡಿ ಅವನ ಕೈಗೆ ಬಂದದ್ದನ್ನ ಮಾಲೀಕ ಆನ್‌ಲೈನಿನಲ್ಲಿ ತಿಳಿಸಬೇಕು, ಅಲ್ಲಿಂದ ಮಾರಾಟ ಆಗೋತನಕ ಡೀಲರನೇ ಮಾಲೀಕ ಅಂತ ಲೆಕ್ಕ. ಹುಬ್ಬಳ್ಳಿಗೆ ಹೋದಾಗ ಎಸಿ ಶೋರೂಮು, ಗಾಜಿನ ಬಾಗಿಲು ನೋಡಿ ದಂಗಾಗಬ್ಯಾಡ್ರಿ. "ಅಧಿಕಾರ ಪತ್ರ ತೋರಸ್ರಿ" ಅಂತ ಒಂದೇ ಮಾತು ಕೇಳ್ರಿ. ತಡವರಿಸಿದರೆ ಅವನು ಗಾಜಿನ ಬಾಗಿಲಿನ ದಲ್ಲಾಳಿ ಅಷ್ಟೇ.

ಯಾರ ಕಡೆ ತಗೊಂಡರೂ, ರೊಕ್ಕ ಕೊಡೋಕಿಂತ ಮೊದಲು ಎಂಪರಿವಾಹನ್ ಆ್ಯಪಿನಾಗ ಗಾಡಿ ನಂಬರ್ ಹಾಕ್ರಿ. ಉತಾರದಾಗ ಬೋಜಾ ಕೂತಂಗ ಆರ್‌ಸಿ ಒಳಗೂ ಬ್ಯಾಂಕಿನ ಬೋಜಾ ಕೂತಿರತೈತಿ. ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಬೇಕು. "ಸಾಲ ತೀರೇತಿ, ಕಾಗದ ಆಮ್ಯಾಲ" ಅಂದರೆ ತೀರಿಲ್ಲ ಅಂತಲೇ ತಿಳೀರಿ. ಬಾನೆಟ್ ತೆಗೆದು ಚಾಸಿ ನಂಬರು, ಎಂಜಿನ್ ನಂಬರು ಆರ್‌ಸಿ ಜೋಡಿ ಒಂದೊಂದು ಅಕ್ಷರ ಹೊಂದಿಸಿ ನೋಡ್ರಿ. ಇದು ಸಣ್ಣ ಗಾಡಿಗಳ ಮಾತು ಮಾತ್ರ ಅಲ್ಲ. ಭಾರತದ್ದೇ ಸ್ಪೋರ್ಟ್ಸ್ ಕಾರು ಅಂತ ಹೆಸರು ಮಾಡಿದ ಡಿಸಿ ಅವಂತಿ ಐತಲ್ಲ, 2020ರ ಡಿಸೆಂಬರಿನಲ್ಲಿ ಮುಂಬೈ ಪೊಲೀಸರು ಅದರ ಕಂಪನಿ ಸ್ಥಾಪಕರನ್ನೇ ಬಂಧಿಸಿದರು. ಒಂದೇ ಎಂಜಿನ್, ಚಾಸಿ ನಂಬರು ಎರಡು ರಾಜ್ಯಗಳಲ್ಲಿ ನೋಂದಣಿ ಆಗಿತ್ತು, ಕಾರುಗಳ ಮೇಲೆ ಸಾಲ ಎತ್ತಿ ಆಮೇಲೆ ಬೇರೆಯವರಿಗೆ ಮಾರಿದ್ದರು ಅನ್ನೋದು ಪೊಲೀಸರ ಆರೋಪ. ಆರೋಪ ಅಷ್ಟೇ, ತೀರ್ಪಲ್ಲ. ಆದರೆ ಅಷ್ಟು ದೊಡ್ಡ ಮಂದಿ ಕೊಳ್ಳುವ ಕಾರಿಗೇ ನಂಬರ್ ತಪಾಸಣೆ ಬೇಕಾಗಿದ್ದರೆ ನಮ್ಮ ಗಾಡಿಗೆ ಬೇಡವೇ?

ಈ ಹುಡುಗನ ಕಾರಿಗೆ ಇನ್ನೊಂದು ಗಂಟು ಐತಿ: ಎಂಎಚ್-14 ನಂಬರು, ಪಿಂಪ್ರಿ ಚಿಂಚವಾಡದ್ದು. ಊರಿಗೆ ತಂದು ಇಟ್ಟುಕೊಳ್ಳೋದಾದರೆ ಅಲ್ಲಿನ ಆರ್‌ಟಿಓದಿಂದ ಫಾರ್ಮ್ 28ರ ಎನ್‌ಒಸಿ ತರಬೇಕು. ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟರೆ ಅಲ್ಲಿನ ಹೊಸ ನಂಬರು ತಗೋಬೇಕು ಅಂತ ಕಲಂ 47 ಹೇಳತೈತಿ. ಆಗ ಕೆಎ-26 ಬರತೈತಿ, ಜೋಡಿ ಕರ್ನಾಟಕದ ಆಜೀವ ತೆರಿಗೆಯೂ ಬರತೈತಿ. ಹೊಸ ಕಾರಿಗೆ ಬೆಲೆ ನೋಡಿ ಶೇ 13ರಿಂದ 18ರವರೆಗೆ ಇರುವ ತೆರಿಗೆ, ಹಳೇ ಕಾರಿಗೆ ವಯಸ್ಸಿನ ಪ್ರಕಾರ ಇಳಿಯುತ್ತದೆ, ಆದರೂ ಸಣ್ಣ ಮೊತ್ತ ಅಲ್ಲ. ಮಹಾರಾಷ್ಟ್ರದಾಗ ಕಾರು ಅಗ್ಗ ಅಂತ ತಗೊಂಡು ಬಂದ ಎಷ್ಟೋ ಹುಡುಗರು ಈ ಲೆಕ್ಕ ಹಾಕಿರಂಗಿಲ್ಲ. ಅವನು ಚಾಕಣದಾಗೇ ಇರತಾನ ಅಂದರೆ ಅಲ್ಲಿಯೇ ಹೆಸರು ಮಾಡಿಸಿಕೊಂಡು ಓಡಿಸಲಿ, ಹಬ್ಬಕ್ಕೆ ಊರಿಗೆ ತರಲಿ. ಅದೇ ಚಲೋ.

15 ವರ್ಷ ದಾಟಿದ ಗಾಡಿಯ ಆಸೆ ಇದ್ದವರಿಗೂ ಒಂದು ಮಾತು. ನೋಂದಣಿ 15 ವರ್ಷಕ್ಕೆ ಮುಗಿಯತೈತಿ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲಿನಿಂದ ಅದರ ಫೀ ಸಾದಾ ಕಾರಿಗೆ 5,000, ವಿದೇಶದಿಂದ ಬಂದ ಕಾರಿಗೆ 40,000 ಆಯಿತು. 20 ವರ್ಷ ದಾಟಿದರೆ ಇನ್ನೂ ಹೆಚ್ಚು. ಹಳೇ ಇಂಪೋರ್ಟೆಡ್ ಎರಡು ಬಾಗಿಲಿನ ಕಾರು ಹೊಸ ಸಣ್ಣ ಕಾರಿನ ಬೆಲೆಗೆ ಸಿಗತೈತಿ ಅಂತ ಜಾಹೀರಾತು ನೋಡಿ ಮರುಳಾಗುವವರು ಇದನ್ನೂ ಕೂಡಿಸಿಕೊಳ್ಳಲಿ.

ಗಾಡಿಯ ಗುಣದ ಬಗ್ಗೆ ನಾನು ಹೆಚ್ಚು ಹೇಳಲಾರೆ, ಮೆಕ್ಯಾನಿಕ್ ಅಲ್ಲ. ನಮ್ಮ ಎರಿ ನೆಲ ಮಾತ್ರ ಬಲ್ಲೆ. ಒಂದು ಮಳೆ ಆದರೆ ಒಳದಾರಿಯಲ್ಲಿ ಟ್ರ್ಯಾಕ್ಟರೇ ಸಿಗಬೀಳತೈತಿ, ಹೊಟ್ಟೆ ನೆಲಕ್ಕೆ ಹತ್ತುವ ಕಾರು ಓಣಿತನಕ ಬರೋದು ಅನುಮಾನ. ಸ್ಪೋರ್ಟ್ಸ್ ಎಂಜಿನ್ ಜೋಡಿ ಬರುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೆಟ್ಟರೆ ರೋಣದಾಗ ಮುಟ್ಟುವವರಿಲ್ಲ, ಹುಬ್ಬಳ್ಳಿಗೇ ಒಯ್ಯಬೇಕು, ಕಾರಿನ ಬೆಲೆಯ ಒಂದು ಪಾಲು ಅಲ್ಲಿಯೇ ಹೋಗಬಹುದು. ಅದಕ್ಕೆ ಕೊಳ್ಳೋಕಿಂತ ಮೊದಲು ಆ ಗಾಡಿ ಬಲ್ಲ ಮೆಕ್ಯಾನಿಕ್‌ಗೆ ಸಾವಿರ ಎರಡು ಸಾವಿರ ಕೊಟ್ಟು ತೋರಿಸೋದು ದಂಡ ಅಲ್ಲ. ನೀರಾಗ ನಿಂತ ಗಾಡಿ ಬ್ಯಾರೆ. 2019ರಲ್ಲಿ ಮಲಪ್ರಭೆ ಕೊಣ್ಣೂರು, ಹೊಳೆಆಲೂರು ಕಡೆ ಮನಿ ಹೊಕ್ಕಾಗ ಎಷ್ಟು ಗಾಡಿ ಮುಳುಗಿದವು ನೋಡೀವಿ, ದೊಡ್ಡ ಶಹರಗಳಲ್ಲಿ ಮಳೆಗಾಲ ಬಂದರೆ ಇದೇ ಕಥೆ. ಅಂಥವನ್ನ ತೊಳೆದು, ಪಾಲಿಶ್ ಹಚ್ಚಿ ದೂರದ ಜಿಲ್ಲೆಗೆ ಮಾರತಾರ. ಸೀಟ್ ಬೆಲ್ಟನ್ನ ಕೊನೆತನಕ ಎಳೆದು ನೋಡ್ರಿ. ಮೇಲೆ ಎಷ್ಟೇ ತೊಳೆದರೂ ಆ ಪಟ್ಟಿಯ ಕೊನೆಗೆ ಕೆಸರಿನ ಗೆರೆ ಉಳಿದಿರತೈತಿ.

ಸೈಲೆನ್ಸರ್ ಬದಲಿಸಿ ಗುಡುಗಿಸೋದು, ಆರ್‌ಸಿಯಲ್ಲಿ ಒಂದು ಬಣ್ಣ ಗಾಡಿಗೆ ಒಂದು ಬಣ್ಣ, ಇವನ್ನ ಹಿಂದಿನ ಮಾಲೀಕ ಮಾಡಿದ್ದರೂ ಹಿಡಿಯೋದು ನಿಮ್ಮನ್ನ. ಕಲಂ 182ಎ ಪ್ರಕಾರ ಹಂಗ ಬದಲಿಸಿದ್ದಕ್ಕೆ ಒಂದೊಂದಕ್ಕೆ 5,000 ದಂಡ, ಆರು ತಿಂಗಳತನಕ ಜೈಲೂ ಆಗಬಹುದು. ಗೌಡರ ಮಗನ ಸೈಲೆನ್ಸರ್ ಪೊಲೀಸರಿಗೆ ಕೇಳಂಗಿಲ್ಲ, ಹಿಂದಿನ ಗಾಜಿಗೆ ನೀಲಿ ಸ್ಟಿಕ್ಕರ್ ಇದ್ದವನದು ಮೈಲಿ ದೂರದಿಂದ ಕೇಳತೈತಿ. ಇದು ಅನ್ಯಾಯ. ಆದರೆ ಅದರ ವಿರುದ್ಧ ಮಾತಾಡಬೇಕಾದರೆ ನಮ್ಮ ಗಾಡಿಯ ಕಾಗದ ಎಲ್ಲಾ ಸರಿ ಇರಬೇಕು. ಸ್ಟಿಕ್ಕರ್ ತೆಗಿ ಅಂತ ನಾನು ಯಾರಿಗೂ ಹೇಳಂಗಿಲ್ಲ.

ಇನ್ಶೂರೆನ್ಸ್ ವಿಷಯ ಹೇಳಿ ಮುಗಿಸತೀನಿ, ಇದರಾಗ ಬಹಳ ಮಂದಿ ಸಿಕ್ಕಿಬೀಳತಾರ. ಗಾಡಿ ಮಾರಾಟ ಆದಾಗ ಥರ್ಡ್ ಪಾರ್ಟಿ ವಿಮೆ ಗಾಡಿ ಜೋಡಿ ಬರತೈತಿ, ಕೊಂಡವನು 14 ದಿನದೊಳಗೆ ಹೆಸರು ಬದಲಿಸಾಕ ಕಂಪನಿಗೆ ಬರೆಯಬೇಕು. ನಿಮ್ಮ ಗಾಡಿಗೇ ಆದ ಹಾನಿ, ಕಳವು, ಇವಕ್ಕ ಹೆಸರು ಬದಲಾಗದೆ ಪರಿಹಾರ ಸಿಗೂದು ಕಷ್ಟ. ಹಳೇ ಮಾಲೀಕನ ನೋ ಕ್ಲೇಮ್ ಬೋನಸ್ಸು ಅವನದು, ಗಾಡಿಯದಲ್ಲ. ಅದನ್ನೂ ಸೇರಿಸಿ ಬೆಲೆ ಹೇಳಿದರೆ ತೆಗೆಸ್ರಿ.

ಬರುವ ಭಾನುವಾರ ಬೆಳಿಗ್ಗೆ 10ರಿಂದ ರೋಣದ ಅಂಬೇಡ್ಕರ್ ಭವನದಾಗ ನಾನು ಮತ್ತು ಇಬ್ಬರು ಗೆಳೆಯರು ಕುಂತಿರತೀವಿ. ಬಾಂಡ್ ಮೇಲೆ ತಗೊಂಡ ಬೈಕು, ಕಾರು, ಟಂಟಂ, ಟ್ರ್ಯಾಕ್ಟರ್ ಯಾವುದೇ ಇರಲಿ, ಬಾಂಡು, ಆರ್‌ಸಿ, ಇನ್ಶೂರೆನ್ಸ್, ಆಧಾರ್ ಜೆರಾಕ್ಸ್ ಮತ್ತು ಎರಡು ಫೋಟೋ ತರ್ರಿ. ಫಾರ್ಮ್ 29, 30 ನಾವೇ ತುಂಬಿಕೊಡತೀವಿ, ರೊಕ್ಕ ಬ್ಯಾಡ. ಮಾರಿದವರು ಸಹಿಗೆ ಸತಾಯಿಸುತ್ತಿದ್ದರೆ ಅವರ ಊರು, ಹೆಸರು ಇಲ್ಲಿ ಕಾಮೆಂಟಿನಾಗ ಹಾಕಬ್ಯಾಡ್ರಿ, ನನಗೆ ಇನ್‌ಬಾಕ್ಸಿನಾಗ ಬರೀರಿ. ತಮ್ಮ ಹೆಸರಲ್ಲಿ ಬೇರೆಯವರ ಗಾಡಿ ಇದ್ದವರು ಅಂಜದೆ ಬರ್ರಿ. ಅವರ ಕೆಲಸ ಮೊದಲು ಮಾಡೋಣ.

ಜೈಭೀಮ್.